ಮರ ಕಪಾತಿನ ಲೆಕ್ಕ ಮರಕ್ಕಲ್ಲ, ದಿನಕ್ಕೆ ಆಗಲಿ

ಕಾಫಿಯ ಹೂಮಳೆ ಮುಗಿದು ಮುಂಗಾರು ಹತ್ತಿರವಾಗುತ್ತಿದ್ದಂತೆ ಕೊಡಗಿನ ತೋಟಗಳಲ್ಲಿ ಮರ ಕಪಾತಿನ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ, ಅವಸರ ಶುರುವಾಗುತ್ತದೆ. ಮಳೆಗಾಲಕ್ಕೆ ಮೊದಲು ನೆರಳು ತೆಳುವಾಗದಿದ್ದರೆ ಗಿಡಕ್ಕೆ ಕೊಳೆರೋಗ ಬರುತ್ತದೆಂಬ ಭಯ ನಮಗೆ. ಆ ಭಯಕ್ಕಾಗಿ ನಲವತ್ತು, ಐವತ್ತು ಅಡಿ ಎತ್ತರಕ್ಕೆ ಕತ್ತಿ ಹಿಡಿದು ಏರುವವನು ಮಾತ್ರ ಬೇರೆಯವನು.

ಆರು ವರ್ಷಗಳ ಹಿಂದೆ ನಮ್ಮ ತೋಟದಲ್ಲಿ ಹಾಗೆ ಏರಿದ ಒಬ್ಬರು ಕೆಳಗೆ ಬಿದ್ದರು. ಇಪ್ಪತ್ತು ವರ್ಷಗಳ ಅನುಭವವಿದ್ದ ಅವರು ಬೆಲ್ಟ್ ಕಟ್ಟಿಕೊಂಡೇ ಹತ್ತಿದ್ದರು. "ಇದನ್ನು ಕಟ್ಟಿಕೊಂಡರೆ ಕೈ ಓಡುವುದಿಲ್ಲ ಧಣಿ" ಎಂದವರನ್ನು ನಾನೇ ಒತ್ತಾಯಿಸಿದ್ದೆ. ಅವರು ಬೆಲ್ಟಿನ ಕೊಕ್ಕೆಯನ್ನು ಸಿಲ್ವರ್ ಓಕ್ ಮರದ ಕೊಂಬೆಗೆ ಸಿಕ್ಕಿಸಿದ್ದರು, ಕೊಂಬೆಯೇ ಮುರಿಯಿತು. ಬೆನ್ನುಮೂಳೆಗೆ ಪೆಟ್ಟಾದ ಅವರನ್ನು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮೈಸೂರಿಗೆ ಹೋದ ಆ ದಾರಿಯನ್ನು ನಾನು ಇಂದಿಗೂ ಮರೆತಿಲ್ಲ. ಅಂಥ ಪೆಟ್ಟಾದವರನ್ನು ಹಾಗೆ ಸಾಗಿಸಬಾರದೆಂಬುದು ಆಗ ನನಗೆ ತಿಳಿದಿರಲಿಲ್ಲ. ಸಿಲ್ವರ್ ಕೊಂಬೆ ಎಷ್ಟು ಪೆಡಸು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೆ ಕೊಕ್ಕೆ ಎಲ್ಲಿ ಹಾಕಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ, ನಾನೂ ಕಲಿತಿರಲಿಲ್ಲ.

ಆ ಬಳಿಕ ಕಲಿತದ್ದನ್ನು ಬೆಳೆಗಾರ ಬಂಧುಗಳ ಮುಂದಿಡುತ್ತಿದ್ದೇನೆ. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟ್ ಬೀಳುವವನನ್ನು ತಡೆದು ನಿಲ್ಲಿಸುವ ಸಾಧನವಲ್ಲ. ಬಿದ್ದ ರಭಸವೆಲ್ಲ ಹೊಟ್ಟೆ ಮತ್ತು ಬೆನ್ನುಮೂಳೆಯ ಮೇಲೆಯೇ ಬರುತ್ತದೆ, ದೇಹ ತಲೆಕೆಳಗಾಗಿ ಬೆಲ್ಟಿನಿಂದ ಜಾರಲೂಬಹುದು. ಭುಜ, ಎದೆ, ತೊಡೆಗಳಿಗೆ ಆ ಭಾರವನ್ನು ಹಂಚುವ ಫುಲ್ ಬಾಡಿ ಹಾರ್ನೆಸ್ ಬೇಕು. ಕೊಳ್ಳುವಾಗ ಐಎಸ್ 3521 ಎಂಬ ಭಾರತೀಯ ಮಾನಕದ ಗುರುತನ್ನು ನೋಡಬೇಕು. ಹಗ್ಗವನ್ನು ಕೊಂಬೆಗಲ್ಲ, ಗಟ್ಟಿಯಾದ ಕಾಂಡಕ್ಕೆ, ಅದೂ ತಲೆಗಿಂತ ಮೇಲೆ ಕಟ್ಟಬೇಕು. ಹಾರ್ನೆಸ್ಸಿನ ಕೊಂಡಿ ಕಾಲಿಗಿಂತ ಸುಮಾರು 1.5 ಮೀಟರ್ ಮೇಲಿರುವುದರಿಂದ, 2 ಮೀಟರ್ ಹಗ್ಗವನ್ನು ಕಾಲಬುಡದಲ್ಲಿ ಕಟ್ಟಿಕೊಂಡವನು ಹಗ್ಗ ಬಿಗಿಯಾಗುವ ಹೊತ್ತಿಗೆ 3.5 ಮೀಟರ್ ಬಿದ್ದಿರುತ್ತಾನೆ. ಆಘಾತ ತಗ್ಗಿಸಲೆಂದು ಹಗ್ಗದಲ್ಲಿ ಮಡಚಿಟ್ಟ ಪಟ್ಟಿ ಪೂರ್ತಿ ಬಿಚ್ಚಿಕೊಂಡರೆ ಇನ್ನೂ 1.75 ಮೀಟರ್ ಕೆಳಗಿಳಿಯುತ್ತಾನೆ. ಅಂದರೆ 5 ಮೀಟರ್ ಎತ್ತರದಲ್ಲಿದ್ದವನು ಹಾರ್ನೆಸ್ ತೊಟ್ಟಿದ್ದರೂ ನೆಲಕ್ಕೆ ಬಡಿಯುತ್ತಾನೆ. ಕೊಂಬೆ ದಾಟುವಾಗ ಒಂದು ಕೊಕ್ಕೆ ಬಿಚ್ಚುವ ಮೊದಲು ಇನ್ನೊಂದನ್ನು ಹಾಕಿಕೊಳ್ಳಲು ಎರಡು ಕವಲಿನ ಹಗ್ಗ ಬೇಕು. ಒಮ್ಮೆ ಬಿದ್ದವರನ್ನು ತಡೆದ ಹಾರ್ನೆಸ್ ಹೊರನೋಟಕ್ಕೆ ಹೊಸದರಂತಿದ್ದರೂ ಅದನ್ನು ಕತ್ತರಿಸಿ ಎಸೆಯಬೇಕು.

ನಮ್ಮಲ್ಲಿ ಯಾರೂ ಮಾತನಾಡದ ಇನ್ನೊಂದು ವಿಷಯವಿದೆ. ಹಾರ್ನೆಸ್ಸಿನಲ್ಲಿ ಅಲುಗಾಡದೆ ನೇತಾಡುವವನ ಕಾಲುಗಳಲ್ಲಿ ರಕ್ತ ನಿಲ್ಲುತ್ತದೆ, ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು, ಹಾಗೆಯೇ ಬಿಟ್ಟರೆ ಪ್ರಾಣವೂ ಹೋಗಬಹುದು. ಒಂಟಿಯಾಗಿ ಯಾರನ್ನೂ ಮರ ಹತ್ತಿಸಬಾರದು ಎನ್ನುವುದು ಇದಕ್ಕಾಗಿ. ಬುಡದಲ್ಲಿ ಇನ್ನೊಬ್ಬರು, ಇನ್ನೊಂದು ಹಗ್ಗ, ಸಿಕ್ಕಿಕೊಂಡವರನ್ನು ಇಳಿಸಿ ಅಭ್ಯಾಸವಿರುವ ಕೈ, ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಆ ದಿನ ಕಪಾತು ಬೇಡ.

ಕರಿಮೆಣಸು ಕೊಯ್ಲಿನ ಅಲ್ಯೂಮಿನಿಯಂ ಏಣಿಯ ವಿಷಯವನ್ನೂ ಹೇಳಲೇಬೇಕು. ಹಗುರವೆಂದು ಅದನ್ನು ನಿಲ್ಲಿಸಿಕೊಂಡೇ ಒಂದು ಮರದಿಂದ ಮತ್ತೊಂದು ಮರಕ್ಕೆ ಸಾಗಿಸುವಾಗ ವಿದ್ಯುತ್ ತಂತಿಗೆ ತಗುಲಿ ಜೀವ ಹೋದ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ? ಲೈನಿನ ಹತ್ತಿರದ ಮರಗಳಿಗೆ ಆ ಏಣಿಯನ್ನು ಒಯ್ಯಲೇಬಾರದು, ಮಿಕ್ಕೆಡೆ ಮಲಗಿಸಿಯೇ ಸಾಗಿಸಬೇಕು.

ಇಷ್ಟೆಲ್ಲ ಸಾಮಾನು ಕೊಂಡರೂ ಅದು ಗೋದಾಮಿನ ಗೋಡೆಯಲ್ಲೇ ತೂಗಾಡುವುದಕ್ಕೆ ಕಾರಣ ಕಾರ್ಮಿಕರ ಅಸಡ್ಡೆ ಎಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಕಾರಣ ನಮ್ಮ ಗುತ್ತಿಗೆಯ ಲೆಕ್ಕದಲ್ಲಿದೆ. ಮರಕ್ಕೆ ಇಷ್ಟು ಎಂದು ಮಾತಾದ ಮೇಲೆ ಕೊಕ್ಕೆ ಬಿಚ್ಚಿ ಹಾಕುವ ಪ್ರತಿ ನಿಮಿಷವೂ ಅವರ ಕೂಲಿಯಿಂದಲೇ ಕಳೆಯುತ್ತದೆ. ಮೆಣಸಿನ ಬಳ್ಳಿ ಹಬ್ಬಿದ ಮರದಲ್ಲಿ ಹಗ್ಗ ಸುತ್ತಿದರೆ ಬಳ್ಳಿ ಹಾಳಾಗುತ್ತದೆಂದು ಗದರುವವರೂ ನಾವೇ. ಅಸ್ಸಾಮಿನಿಂದ ಬಂದ ಹುಡುಗನೊಬ್ಬ, ತನ್ನ ಭಾಷೆಯಲ್ಲಿ ಒಂದು ಮಾತನ್ನೂ ಹೇಳಿಕೊಡದೆ ಹಾರ್ನೆಸ್ ಕೈಗಿತ್ತರೆ ಅದನ್ನು ಏನು ಮಾಡಬೇಕು?

ಕಾನೂನು ಕಾಪಾಡಲಿ ಎಂದು ಕೂರುವಂತಿಲ್ಲ. 2025ರವರೆಗೆ ಜಾರಿಯಲ್ಲಿದ್ದ 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯನ್ನು ಬರೆದದ್ದು ದೊಡ್ಡ ತೋಟಗಳನ್ನು ಎದುರಿಗಿಟ್ಟುಕೊಂಡು. ಕೊಡಗಿನ ಬಹುಪಾಲು ಹಿಡುವಳಿಗಳು ಸಣ್ಣವು, ನನ್ನದೂ ಸೇರಿ.

ನಾನು ಮರದ ಲೆಕ್ಕ ಬಿಟ್ಟು ದಿನಗೂಲಿಗೆ ಬಂದು ಐದು ವರ್ಷಗಳಾದವು. ಕಪಾತಿಗೆ ಮೊದಲಿನ ಎರಡು ದಿನ ಯಾರೂ ಮೇಲೆ ಏರುವುದಿಲ್ಲ. ಪೂರ್ತಿ ಕೂಲಿ ಪಡೆದು ಆಳೆತ್ತರದಲ್ಲೇ ಕಟ್ಟುವುದು, ನೇತಾಡುವುದು, ಇಳಿಸುವುದನ್ನು ಕಲಿಯುತ್ತಾರೆ. ಕೆಲಸ ಮುಗಿಯಲು ಮೊದಲಿಗಿಂತ ಒಂದು ವಾರ ಹೆಚ್ಚು ಹಿಡಿಯುತ್ತದೆ. ಆ ವಾರದ ಖರ್ಚನ್ನು ಗೊಬ್ಬರದ ಖರ್ಚಿನ ಪಕ್ಕದಲ್ಲೇ ಬರೆದಿಡುತ್ತೇನೆ. ನಿಮ್ಮ ತೋಟದಲ್ಲಿ ಈ ವರ್ಷದ ಗುತ್ತಿಗೆ ಇನ್ನೂ ಮಾತಾಗಿಲ್ಲವಾದರೆ ದಯವಿಟ್ಟು ಮಾತಾಡುವ ಮೊದಲು ನನಗೊಂದು ಫೋನ್ ಮಾಡಿ. ನಮ್ಮ ಹಾರ್ನೆಸ್‌ಗಳನ್ನೂ ಕಲಿತ ಇಬ್ಬರನ್ನೂ ಎರಡು ದಿನದ ಮಟ್ಟಿಗೆ ಕಳುಹಿಸಿಕೊಡುತ್ತೇನೆ.