ಗಂಡಭೇರುಂಡದ ಕೊಕ್ಕಲ್ಲಿ ಆನೆ ಇಲ್ಲ

ಮೊನ್ನೆ ಫ್ರೆಂಡ್ಸ್ ಜೊತೆ ಕರ್ನಾಟಕದ ಲಾಂಛನದಲ್ಲಿರೋ ಗಂಡಭೇರುಂಡದ ಬಗ್ಗೆ ಮಾತಾಡ್ತಾ ಇರುವಾಗ ಒಬ್ಬ ಅಂದ, "ಆ ಎರಡು ತಲೆ ಹಕ್ಕಿ ಮೈಸೂರು ಮಹಾರಾಜರದ್ದು ಮಾರಾಯ, ಬೀದರ್, ರಾಯಚೂರಿನವರಿಗೆ ಅದ್ಯಾಕೆ ಬೇಕು?" ಅಂತ. ಪ್ರಶ್ನೆ ತಪ್ಪೇನಲ್ಲ. ನಮ್ಮ ರಾಜ್ಯ ಲಾಂಛನ ಒಡೆಯರ ಲಾಂಛನದಿಂದಲೇ ಬಂದಿದ್ದು ಅನ್ನೋದು ನಿಜ. ಆದ್ರೆ ಹಕ್ಕಿ ಒಡೆಯರದ್ದಷ್ಟೇ ಅಲ್ಲ. ಶಿಕಾರಿಪುರದ ಹತ್ರ ಬಳ್ಳಿಗಾವಿಗೆ ಹೋಗಿ ನೋಡಿ, ಎತ್ತರದ ಕಂಬದ ಜೊತೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ ಇರೋ ಭೇರುಂಡ ಇದೆ, ಚಾಮುಂಡರಾಯರಸ 1047ರಲ್ಲಿ ಮಾಡಿಸಿದ್ದು. ಮೈಸೂರಲ್ಲಿ ಒಡೆಯರ ಆಳ್ವಿಕೆ ಶುರುವಾಗಿದ್ದು 1399ರಲ್ಲಿ ಅಂತಾರೆ, ಲೆಕ್ಕ ನೀವೇ ಹಾಕ್ಕೊಳ್ಳಿ.

ನನಗೆ ಇದಕ್ಕಿಂತ ತಲೆ ಕೆಡಿಸಿರೋದು ಬೇಲೂರಿನ ಗಂಡಭೇರುಂಡ. ಅಲ್ಲಿ ಒಂದು ಸಾಲು ಬೇಟೆ ಕೆತ್ತಿದ್ದಾರೆ, ಜಿಂಕೆನ ಹಾವು ಹಿಡಿದಿದೆ, ಹಾವನ್ನ ಆನೆ, ಆನೆನ ಸಿಂಹ, ಸಿಂಹನ ಶರಭ ಅನ್ನೋ ಪುರಾಣದ ಪ್ರಾಣಿ, ಆ ಶರಭನ್ನ ಗಂಡಭೇರುಂಡ, ಪಕ್ಕದಲ್ಲಿ ಒಬ್ಬ ಋಷಿ ಇದೇನಪ್ಪಾ ಇದು ಅಂತ ಬೆರಗಾಗಿ ನೋಡ್ತಾ ಇದ್ದಾನೆ. ಅಂದ್ರೆ ಎಲ್ಲರನ್ನೂ ತಿನ್ನೋನನ್ನೂ ತಿನ್ನೋದು ಈ ಹಕ್ಕಿ. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲೂ ಅಷ್ಟೇ, ಇಷ್ಟೇ ಇಷ್ಟು ಚಿನ್ನದ ತುಂಡಲ್ಲಿ ಹಕ್ಕಿ ಆನೆಗಳನ್ನ ಕೊಕ್ಕಲ್ಲಿ, ಕಾಲಲ್ಲಿ ಕಚ್ಚಿಕೊಂಡು ಹಾರ್ತಿದೆ. ರಾಜ ಹೇಳ್ತಿರೋದು ಕ್ಲಿಯರ್, ನನ್ನ ತಂಟೆಗೆ ಬರಬೇಡಿ ಅಂತ.

ಈಗ ನಮ್ಮ ಲಾಂಛನ ನೋಡಿ. ಕೆಂಪು ಗುರಾಣಿ, ನೀಲಿ ಅಂಚು, ಮಧ್ಯ ಬಿಳಿ ಹಕ್ಕಿ. ಕೊಕ್ಕಲ್ಲಿ ಏನೂ ಇಲ್ಲ. ಕಾಲಲ್ಲೂ ಏನೂ ಇಲ್ಲ. ಎರಡೂ ಪಕ್ಕ ಯಾರು ನಿಂತಿದ್ದಾರೆ ಅಂದ್ರೆ ಸಿಂಹದ ಮೈಗೆ ಆನೆ ತಲೆ ಇರೋ ಪ್ರಾಣಿ, ಗಜಕೇಸರಿ (ಕೆಲವರು ಇದನ್ನೇ ಶರಭ ಅಂತಾರೆ, ಆ ಜಗಳ ಇಲ್ಲಿ ಬೇಡ). ಬೇಲೂರಲ್ಲಿ ಸಿಂಹ ಆನೆನ ತಿಂತಿತ್ತು, ಇಲ್ಲಿ ಇಬ್ಬರೂ ಒಂದೇ ಮೈಯಾಗಿ ಗುರಾಣಿ ಹಿಡ್ಕೊಂಡು ನಿಂತಿದ್ದಾರೆ! ಇದನ್ನ ಬಿಡಿಸಿದವರು ಹೀಗೆಲ್ಲ ಯೋಚಿಸಿದ್ರೋ ಇಲ್ವೋ, ನಾನಂತೂ ಹಾಗೇ ಓದ್ಕೊಳ್ತೀನಿ. ರಾಜನ ಹೆದರಿಸೋ ಹಕ್ಕಿ ಪ್ರಜೆಗಳ ಹಕ್ಕಿ ಆಗಬೇಕಾದ್ರೆ ಮೊದಲು ಬಾಯಲ್ಲಿದ್ದ ಆನೆನ ಬಿಡಬೇಕಲ್ವಾ. ತಲೆ ಮೇಲೆ ಬೇರೆ ಸಾರನಾಥದ ಅಶೋಕನ ಸಿಂಹಗಳು ಕೂತಿವೆ, ಕಳಿಂಗದ ಯುದ್ಧ ಮುಗಿಸಿ ಪಶ್ಚಾತ್ತಾಪ ಪಟ್ಟೋನದ್ದು.

2018ರಲ್ಲಿ ಹಳದಿ, ಬಿಳಿ, ಕೆಂಪು ನಾಡಧ್ವಜದ ಡಿಸೈನ್ ಬಂದಾಗ ಮಧ್ಯ ಇದೇ ಲಾಂಛನ ಇತ್ತು. ನನ್ನ ಟೈಮ್‌ಲೈನ್ ತುಂಬ ಬಿಳಿ ಬಣ್ಣ ಯಾಕೆ ಅಂತಾನೇ ಜಗಳ, ಹಕ್ಕಿ ಬಗ್ಗೆ ಒಬ್ರೂ ಒಂದು ಸಾಲು ಬರೀಲಿಲ್ಲ.

ನನ್ನದೊಂದೇ ತಕರಾರು. ಕೆಳಗೆ 'ಸತ್ಯಮೇವ ಜಯತೇ' ಅಂತಿದೆ, ಮಾತು ಸಂಸ್ಕೃತದ್ದು, ಇರಲಿ, ಆದ್ರೆ ಅಕ್ಷರ ನಾಗರಿ. ಅದೇ ಮಾತನ್ನ ಕನ್ನಡ ಅಕ್ಷರದಲ್ಲಿ ಬರೆದ್ರೆ ಸತ್ಯ ಏನು ಸೋತು ಹೋಗುತ್ತಾ? ಎರಡು ತಲೆ ಇದೆ, ಒಂದು ಎಡಕ್ಕೆ ನೋಡುತ್ತೆ ಒಂದು ಬಲಕ್ಕೆ ನೋಡುತ್ತೆ, ಕಾಲ ಕೆಳಗೆ ಏನು ಬರ್ದಿದಾರೆ ಅಂತ ಮಾತ್ರ ಎರಡೂ ಬಗ್ಗಿ ನೋಡಿಲ್ಲ.