ಕೆಚ್ಚಲು ತೊಳೆಯದ ಜೆಡೈ

‘ಪರವಾಗಿಲ್ಲ, ಒಂದು ಸಲ ನೋಡಬಹುದು’ ಅನ್ನುವ ಮಾತಿಗೆ ಏಟು ಬೀಳುವ ಸಿನಿಮಾ ಅಂದರೆ ‘ದಿ ಲಾಸ್ಟ್ ಜೆಡೈ’ ಒಂದೇ. 2017ರ ಡಿಸೆಂಬರಿನಲ್ಲಿ ಬಂದದ್ದು. ಒಂದು ಪಂಗಡಕ್ಕೆ ಹಾಲಿವುಡ್ಡಿನ ಅಂತರಿಕ್ಷ ಯುದ್ಧದ ಸ್ಟಾರ್ ವಾರ್ಸ್ ಸರಣಿಯಲ್ಲೇ ಅಂಥದ್ದು ಇನ್ನೊಂದಿಲ್ಲ. ಇನ್ನೊಂದು ಪಂಗಡಕ್ಕೆ ನಿರ್ದೇಶಕ ರಯಾನ್ ಜಾನ್ಸನ್ ಹೆಸರೆತ್ತಿದರೇ ಮೈ ಉರಿ. ನಮ್ಮಕ್ಕನ ಮಗ ಈ ಎರಡನೆಯ ಪಂಗಡದವನು. ನಾನು ಯಾವ ಪಂಗಡವೂ ಅಲ್ಲ. ಊಟ ಆದ ಮೇಲೆ ಟಿವಿಯಲ್ಲಿ ಏನು ಬಂದರೂ ನೋಡುವ ಜಾತಿ.

ಮರುವರ್ಷದ ದೀಪಾವಳಿಗೆ ಅಕ್ಕನ ಮನೆಯವರೆಲ್ಲ ಹಾಸನಕ್ಕೆ ಬಂದಿದ್ದರು. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕೆ ಸರದಿಯಲ್ಲಿ ನಿಂತು ಬಂದು, ಹಾಲಿನಲ್ಲಿ ಚಾಪೆ ಹಾಸಿಕೊಂಡು ಬಿದ್ದಿದ್ದೆವು. ಎದ್ದು ಓಡಿಹೋಗುವ ತ್ರಾಣ ಯಾರಿಗೂ ಇಲ್ಲದ ಆ ಹೊತ್ತು ನೋಡಿ ಹುಡುಗ ಲ್ಯಾಪ್‌ಟಾಪಿನಿಂದ ಟಿವಿಗೆ ವೈರ್ ಚುಚ್ಚಿದ. 152 ನಿಮಿಷ. ಅದಕ್ಕೂ ಮೊದಲು ಹಿಂದಿನ ಭಾಗದ ಕೊನೆ ಬೇರೆ ತೋರಿಸಿದ. ರೇ ಅನ್ನುವ ಹುಡುಗಿ ಕಡಲ ನಡುವಿನ ಬಂಡೆಯೊಂದನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ಹಳೆಯ ಭಾಗಗಳ ನಾಯಕ, ಜೆಡೈ ಅನ್ನುವ ಕತ್ತಿವೀರರ ಪೈಕಿಯವನು, ಈಗ ಸನ್ಯಾಸಿಯಂತಿದ್ದ ಲ್ಯೂಕ್‌ನ ಮುಂದೆ ಅವನ ಅಪ್ಪನ ಕತ್ತಿ ಚಾಚುತ್ತಾಳೆ. ಐರ್ಲೆಂಡಿನ ಸ್ಕೆಲಿಗ್ ಮೈಕಲ್ ದ್ವೀಪವಂತೆ ಅದು, ನಿಜಕ್ಕೂ ಆರುನೂರಕ್ಕೂ ಹೆಚ್ಚು ಮೆಟ್ಟಿಲಿವೆ. ಬೆಳಗೊಳದ ದೊಡ್ಡ ಬೆಟ್ಟವನ್ನು ಮಂಡಿ ಹಿಡಿದುಕೊಂಡು ಹತ್ತಿ ಬಂದಿದ್ದ ಅಮ್ಮನಿಗೆ ಇಷ್ಟೇ ಸಾಕಾಯಿತು, ಎದ್ದು ಕೂತಳು.

ಆ ಕತ್ತಿಗಾಗಿ ಅಭಿಮಾನಿಗಳು ಎರಡು ವರ್ಷ ಕಾದಿದ್ದರು. ಲ್ಯೂಕ್ ಅದನ್ನು ತೆಗೆದುಕೊಂಡವನೇ ಹೆಗಲ ಮೇಲಿಂದ ಹಿಂದಕ್ಕೆ ಎಸೆದುಬಿಟ್ಟ.

‘ನೋಡಿ ಮಾವ, ನೋಡಿ!’ ಅಂತ ಹುಡುಗ ಹಲ್ಲು ಕಡಿದ.

‘ಕತ್ತಿ ಬಿಡ್ಲಾ ಅತ್ಲಾಗೆ,’ ಅಂದಳು ಅಮ್ಮ. ‘ಅಷ್ಟು ಮೆಟ್ಲು ಹತ್ತಿ ಬಂದೈತೆ ಮಗ. ಒಂದು ಲೋಟ ನೀರು ಬೇಕಾ ಅಂತಾದ್ರೂ ಕೇಳಬಾರದಾ?’

ನನಗೇನೋ ಆ ಎಸೆತ ಬಹಳ ಹಿಡಿಸಿತು. ಯಾವುದೂ ಬೇಡ ಅಂತ ದ್ವೀಪ ಸೇರಿದ ಮನುಷ್ಯ, ಕತ್ತಿ ಕಂಡ ತಕ್ಷಣ ಕಣ್ಣೀರು ಹಾಕಿಕೊಂಡು ಯುದ್ಧಕ್ಕೆ ಹೊರಟಿದ್ದರೆ ನಾನು ಅಲ್ಲೇ ಮಗ್ಗುಲಾಗುತ್ತಿದ್ದೆ.

ಆಮೇಲೆ ಹಾಲಿನ ಪ್ರಸಂಗ. ಬಂಡೆಗೆ ಒರಗಿಕೊಂಡ ಆನೆಗಾತ್ರದ ಯಾವುದೋ ಪ್ರಾಣಿ. ಲ್ಯೂಕ್ ಅದರ ಮೊಲೆ ಹಿಂಡಿ, ಬಾಟಲಿಗೆ ಹಸಿರು ಹಾಲು ಕರೆದು, ಗಡ್ಡದ ಮೇಲೆ ಸುರಿಯುವಂತೆ ಗಟಗಟ ಕುಡಿಯುತ್ತಾನೆ. ಇದು ವೀರನಿಗೆ ಮಾಡಿದ ಅವಮಾನ ಅಂತ ಹುಡುಗನ ವಾದ. ಆಲೂರಿನಲ್ಲಿ ಹಸು ಕಟ್ಟಿ ಡೇರಿಗೆ ಹಾಲು ಹಾಕಿದ ಅಮ್ಮನ ತಕರಾರು ಬೇರೆಯೇ ಇತ್ತು. ‘ಕೆಚ್ಚಲು ತೊಳೀನೇ ಇಲ್ಲ! ಕರು ಬಿಡಲಿಲ್ಲ, ಕೈಗೆ ಎಣ್ಣೆ ಮುಟ್ಟಿಸಲಿಲ್ಲ. ಇವನೇನ್ಲಾ ನಿಮ್ಮ ಗುರು?’ ಆ ಹಾಲಿಗೆ ಡೇರಿಯಲ್ಲಿ ಫ್ಯಾಟ್ ಬರುತ್ತೋ ಇಲ್ಲವೋ ಅನ್ನುವುದು ಇನ್ನೂ ಸ್ವಲ್ಪ ಹೊತ್ತು ಚರ್ಚೆಯಾಯಿತು.

ಬೇಜಾರಾದದ್ದು ಮಧ್ಯಭಾಗ. ಬಾಹ್ಯಾಕಾಶದಲ್ಲಿ ಒಳ್ಳೆಯವರ ಹಡಗು ಮುಂದೆ, ಕೆಟ್ಟವರದು ಹಿಂದೆ. ಇವರಿಗೆ ಇಂಧನ ಮುಗಿಯುತ್ತಿದೆ, ಅವರಿಗೆ ಹತ್ತಿರ ಬರಲಾಗುತ್ತಿಲ್ಲ. ಶಿರಾಡಿ ಘಾಟಿಯಲ್ಲಿ ಟ್ಯಾಂಕರ್ ಹಿಂದೆ ಸಿಕ್ಕಿಕೊಂಡ ಬಸ್ಸಿನ ಹಾಗೆ ಗಂಟೆಗಟ್ಟಲೆ ಇದೇ. ನಡುವೆ ಇಬ್ಬರು ಜೂಜಿನ ಊರಿಗೆ ಹೋಗಿ, ಕುದುರೆಯಂಥ ಪ್ರಾಣಿಗಳನ್ನು ಬಿಡಿಸಿ, ಹೋದ ಕೆಲಸ ಕೆಡಿಸಿಕೊಂಡು ಬರುತ್ತಾರೆ. ಅಲ್ಲಿ ಅಕ್ಕನ ಗೊರಕೆ ಶುರುವಾಯಿತು. ಅವಳದು ನ್ಯಾಯವಾದ ವಿಮರ್ಶೆ.

ಕೊನೆಗೆ ಹೋಲ್ಡೊ ಅನ್ನುವ ಹೆಂಗಸು ತನ್ನ ಹಡಗನ್ನು ಬೆಳಕಿನ ವೇಗದಲ್ಲಿ ಶತ್ರುವಿನ ಹಡಗಿಗೇ ನುಗ್ಗಿಸುತ್ತಾಳೆ. ಪರದೆಯೆಲ್ಲ ಬೆಳ್ಳಗೆ, ಸದ್ದು ಪೂರ್ತಿ ಬಂದ್. ಬೇಕೆಂದೇ ಹಾಗೆ ಮಾಡಿದ್ದು. ಅಮೆರಿಕದ ಥಿಯೇಟರೊಂದರಲ್ಲಿ ‘ಇದು ನಮ್ಮ ಸ್ಪೀಕರಿನ ದೋಷವಲ್ಲ’ ಅನ್ನುವ ಅರ್ಥದ ಚೀಟಿ ಅಂಟಿಸಿದ್ದರಂತೆ. ನಮ್ಮ ಭಾವನಿಗೆ ಯಾರೂ ಚೀಟಿ ಕೊಟ್ಟಿರಲಿಲ್ಲ. ಅವರು ‘ಥತ್, ವೈರು ಲೂಸು’ ಅಂತ ಎದ್ದು, ಸ್ಪೀಕರಿಗೆ ಎರಡು ತಟ್ಟಿ, ವಾಲ್ಯೂಮ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರು. ಸದ್ದು ವಾಪಸ್ ಬಂತು ನೋಡಿ! ಶೋಕೇಸಿನ ಗಾಜು ನಡುಗಿತು, ಅಕ್ಕ ‘ಪಟಾಕಿ, ಪಟಾಕಿ’ ಅಂತ ಎದ್ದಳು, ಪಕ್ಕದ ಮನೆಯವರು ಕಾಂಪೌಂಡಿನಿಂದ ಇಣುಕಿ ‘ಏನಾಯ್ತು ಸಾರ್?’ ಅಂದರು. ಏನಾಯ್ತು ಅಂತ ಹೇಗೆ ಹೇಳುವುದು? ಸಿಲಿಂಡರ್ ಅಲ್ಲ ಅಂತಷ್ಟೇ ಹೇಳಿ ಕಳಿಸಿದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ರೇಯ ಹುಟ್ಟಿನ ಗುಟ್ಟು. ನಿನ್ನ ಅಪ್ಪ ಅಮ್ಮ ಲೆಕ್ಕಕ್ಕಿಲ್ಲದ ಜನ, ಕುಡಿಯುವ ದುಡ್ಡಿಗೆ ನಿನ್ನನ್ನು ಮಾರಿದರು ಅಂತ ಖಳ ಅವಳಿಗೆ ಹೇಳುತ್ತಾನೆ. ರಾಜವಂಶವಿಲ್ಲ, ವರವಿಲ್ಲ, ಶಾಪವಿಲ್ಲ. ನೆಮ್ಮದಿಯಾಯಿತು. ಹುಡುಗನಿಗೆ ಸಂಕಟ. ಅಮ್ಮನಂತೂ ಸುತರಾಂ ಒಪ್ಪಲಿಲ್ಲ. ಮದುವೆಮನೆಯಲ್ಲಿ ಪಕ್ಕ ಕೂತವರ ಜೊತೆ ಪಾಯಸ ಬರುವಷ್ಟರಲ್ಲಿ ನಂಟು ಹುಡುಕಿ ಮುಗಿಸುವವಳು ಅವಳು. ‘ಯಾರ ಮಗಳೂ ಅಲ್ಲ ಅಂದ್ರೇನು? ಅವನು ಸುಳ್ಳು ಹೇಳ್ತಾವ್ನೆ ಕಣ್ಲಾ.’

2019ರಲ್ಲಿ ಮುಂದಿನ ಭಾಗ ಬಂತು. ರೇ ಬೇರೆ ಯಾರೂ ಅಲ್ಲ, ಹಳೆಯ ಭಾಗಗಳ ಖಳ ಚಕ್ರವರ್ತಿ ಪಾಲ್ಪಟೀನನ ಮೊಮ್ಮಗಳು ಅಂತ ತಿದ್ದಿಬಿಟ್ಟರು. ಹುಡುಗ ಥಿಯೇಟರಿನಿಂದ ಆಚೆ ಬಂದವನೇ ಅಜ್ಜಿಗೆ ಫೋನ್ ಮಾಡಿದ.

‘ತಾತ ಸಿಕ್ಕಿದ್ನಾ? ಸರಿ,’ ಅಂದಳು ಅಮ್ಮ. ‘ಅಜ್ಜಿ ಯಾವೂರೋಳಂತೆ?’