ಹೋಮ್ ಪ್ಲೇಟ್ ಮುಟ್ಟಿದರೂ ರನ್ ಏಕಿಲ್ಲ?

ಶನಿವಾರ ನಮ್ಮೂರಿನ ಮಕ್ಕಳ ಲೀಗ್ ಪಂದ್ಯದಲ್ಲಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನ್ಯೂಜೆರ್ಸಿಗೆ ಬಂದ ಮೇಲೆ ಬೇಸ್‌ಬಾಲ್ ನನ್ನನ್ನು ಹೇಗೆ ಹಿಡಿದುಕೊಂಡಿದೆ ಎಂಬುದು ನಿಮಗೆಲ್ಲ ಗೊತ್ತೇ ಇರುವುದರಿಂದ ಪೀಠಿಕೆ ಬೇಡ. ಎರಡು ಔಟ್ ಆಗಿತ್ತು, ಮೂರನೆಯದಾದರೆ ಬ್ಯಾಟ್ ಮಾಡುವ ತಂಡದ ಸರದಿ ಮುಗಿಯುತ್ತದೆ. ಮೊದಲನೆಯ ಮತ್ತು ಮೂರನೆಯ ಬೇಸ್‌ಗಳಲ್ಲಿ ಓಟಗಾರರಿದ್ದರು. ಉರುಳಿ ಬಂದ ಚೆಂಡನ್ನು ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಹುಡುಗಿ ತಡವರಿಸಿ ಹಿಡಿದು ಎರಡನೆಯ ಬೇಸ್‌ಗೆ ಎಸೆದಳು. ಅಲ್ಲಿದ್ದವನು ಚೆಂಡು ಹಿಡಿದು ಬೇಸ್ ಮೆಟ್ಟಿದ. ಅಷ್ಟರೊಳಗೆ ಮೂರನೆಯ ಬೇಸ್‌ನ ಹುಡುಗ, ಮುಟ್ಟಿದರೆ ರನ್ ಸಿಗುವ ಕೊನೆಯ ನೆಲೆಯಾದ ಹೋಮ್ ಪ್ಲೇಟ್ ದಾಟಿಯಾಗಿತ್ತು. ಅಂಪೈರ್ ಔಟ್ ಕೊಟ್ಟು, ರನ್ ಇಲ್ಲವೆಂದು ಕೈ ಆಡಿಸಿದ. ಇನ್ನೂ ಹೈಸ್ಕೂಲಿನಲ್ಲಿರುವ ಆ ಅಂಪೈರ್ ಹುಡುಗನ ಮೇಲೆ ದೊಡ್ಡವರೆಲ್ಲ ಮುಗಿಬಿದ್ದರು. ಕಿವಿ ಕೆಂಪಾಗಿ, ಮುಖಗವಸನ್ನು ಎದೆಗೊತ್ತಿಕೊಂಡು ನಿಂತಿದ್ದ. ಆದರೂ ತೀರ್ಪು ಬದಲಿಸಲಿಲ್ಲ. ಅವನ ತೀರ್ಪು ನೂರಕ್ಕೆ ನೂರು ಸರಿಯಾಗಿತ್ತು.

ಕೂಗಿದವರಲ್ಲಿ ನಮ್ಮವರೂ ಇದ್ದರೆಂಬುದು ನನಗೆ ಹೆಚ್ಚು ನೋವಿನ ವಿಷಯ. ಕ್ರಿಕೆಟ್‌ನಲ್ಲಿ ಒಬ್ಬ ಬ್ಯಾಟ್ಸ್‌ಮನ್ ಕ್ರೀಸ್ ಮುಟ್ಟಿದರೂ ಜೊತೆಗಾರ ರನ್ ಔಟ್ ಆದರೆ ಆ ರನ್ ಸಿಗುವುದಿಲ್ಲ. ಅದನ್ನು ನಾವು ಯಾರೂ ಅನ್ಯಾಯವೆನ್ನುವುದಿಲ್ಲ. ಇಲ್ಲಿಯೂ ಅಷ್ಟೇ. ಒಂದು ಬೇಸ್‌ನಲ್ಲಿ ಒಬ್ಬನಿಗೆ ಮಾತ್ರ ಜಾಗ. ಬ್ಯಾಟರ್ ಮೊದಲ ಬೇಸ್‌ಗೆ ಓಡಲೇಬೇಕಾದ್ದರಿಂದ ಅಲ್ಲಿದ್ದವನು ಎರಡನೆಯದಕ್ಕೆ ಹೋಗಲೇಬೇಕು. ಹಾಗೆ ಹೋಗಲೇಬೇಕಾದವನನ್ನು ಚೆಂಡಿನಿಂದ ಮುಟ್ಟಬೇಕಿಲ್ಲ, ಚೆಂಡು ಹಿಡಿದು ಅವನಿಗಿಂತ ಮೊದಲು ಬೇಸ್ ಮೆಟ್ಟಿದರೆ ಸಾಕು. ಮೂರನೆಯ ಔಟ್ ಹೀಗೆ ಫೋರ್ಸ್ ಔಟ್ ಆದರೆ, ಅಥವಾ ಬ್ಯಾಟರ್ ಮೊದಲ ಬೇಸ್ ತಲುಪುವ ಮೊದಲೇ ಔಟ್ ಆದರೆ, ಆ ಹೊಡೆತದಿಂದ ಯಾವ ರನ್ನೂ ಬರುವುದಿಲ್ಲ.

ಯಾರು ಮೊದಲು ತಲುಪಿದರೋ ಅದರಂತೆ ಲೆಕ್ಕ ಹಾಕಬಾರದೇ ಎಂದು ಪಕ್ಕದಲ್ಲಿದ್ದವರೊಬ್ಬರು ಕೇಳಿದರು. ಹಾಕಬಾರದು. ಬೇಸ್‌ಗಳ ನಡುವಿನ ದೂರ ದೊಡ್ಡವರ ಆಟದಲ್ಲಿ 90 ಅಡಿ. ಮೂರನೆಯ ಬೇಸ್‌ನವನು ಆಗಲೇ ಕೆಲವು ಅಡಿ ಮುಂದೆ ಬಂದು ನಿಂತಿರುತ್ತಾನೆ. ಹಾಗಿರುವಾಗ, ಬ್ಯಾಟರ್ ಔಟ್ ಆಗುವಂಥ ಸಾಮಾನ್ಯ ಹೊಡೆತಕ್ಕೂ ಎಷ್ಟೋ ಸಲ ರನ್ ಸಿಕ್ಕಿಬಿಡುತ್ತಿತ್ತು. ಸೋತ ಹೊಡೆತಕ್ಕೆ ರನ್ ಕೊಡುವ ಆಟ ನನಗೆ ಬೇಡ.

ಈ ನಿಯಮದ ಬಿಸಿ ಎಷ್ಟೆಂಬುದನ್ನು ಫ್ರೆಡ್ ಮರ್ಕಲ್ ಅನುಭವಿಸಿದಷ್ಟು ಬೇರೆ ಯಾರೂ ಅನುಭವಿಸಿರಲಾರರು. 1908ರ ಸೆಪ್ಟೆಂಬರ್ 23ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ಮತ್ತು ಶಿಕಾಗೊ ಕಬ್ಸ್ ತಂಡಗಳು 1-1ರಲ್ಲಿ ಸಮನಾಗಿದ್ದಾಗ, ಒಂಬತ್ತನೆಯ, ಅಂದರೆ ಕೊನೆಯ ಇನಿಂಗ್ಸ್‌ನಲ್ಲಿ ಎರಡು ಔಟ್ ಆಗಿದ್ದಾಗ, ಜೈಂಟ್ಸ್‌ನ ಅಲ್ ಬ್ರಿಡ್‌ವೆಲ್ ಹೊಡೆದ ಚೆಂಡಿಗೆ ಅದೇ ತಂಡದ ಮೂಸ್ ಮೆಕಾರ್ಮಿಕ್ ಹೋಮ್ ಪ್ಲೇಟ್ ದಾಟಿದ. ಮೊದಲ ಬೇಸ್‌ನಲ್ಲಿದ್ದ ಜೈಂಟ್ಸ್‌ನ 19 ವರ್ಷದ ಮರ್ಕಲ್, ಗೆದ್ದೆವೆಂದುಕೊಂಡು, ಜನ ಮೈದಾನಕ್ಕೆ ನುಗ್ಗುತ್ತಿದ್ದಂತೆ ಎರಡನೆಯ ಬೇಸ್ ಮುಟ್ಟದೆ ತಿರುಗಿಬಿಟ್ಟ. ಕಬ್ಸ್‌ನ ಜಾನಿ ಎವರ್ಸ್ ಚೆಂಡು ತರಿಸಿಕೊಂಡು ಬೇಸ್ ಮೆಟ್ಟಿದ. ಅಂಪೈರ್ ಹ್ಯಾಂಕ್ ಓಡೇ ಔಟ್ ಕೊಟ್ಟ. ರನ್ ಹೋಯಿತು, ಪಂದ್ಯ ಸಮವೆನಿಸಿತು. ಋತುವಿನ ಕೊನೆಗೆ ಎರಡೂ ತಂಡಗಳು ಸಮಸಮವಾಗಿ ನಿಂತದ್ದರಿಂದ ಮತ್ತೆ ಆಡಬೇಕಾಯಿತು. ಕಬ್ಸ್ ಗೆದ್ದಿತು, ಮುಂದೆ ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಕೂಡ. ಆ ಹುಡುಗನಿಗೆ ದಡ್ಡನೆಂಬ ಹೆಸರು ಅಂಟಿಕೊಂಡದ್ದನ್ನು ಓದುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಆದರೂ ಹೇಳುತ್ತೇನೆ, ಓಡೇ ಕೊಟ್ಟ ತೀರ್ಪು ನ್ಯಾಯವಾದದ್ದೇ.

ಹಾಗೆಂದು ಮೂರನೆಯ ಔಟ್ ಆದರೆ ರನ್ನೇ ಇಲ್ಲವೆಂದಲ್ಲ. ಒಂದು ಔಟ್ ಆಗಿದ್ದಾಗ ಫೀಲ್ಡರ್ ಮೊದಲ ಬೇಸ್ ಮೆಟ್ಟಿ ಬ್ಯಾಟರ್‌ನನ್ನು ಔಟ್ ಮಾಡಿದ ಕೂಡಲೇ ಮುಂದಿನವನ ಮೇಲಿನ ಒತ್ತಾಯ ತಪ್ಪುತ್ತದೆ. ಈಗ ಅವನನ್ನು ಚೆಂಡಿನಿಂದ ಮುಟ್ಟಲೇಬೇಕು. ಹೀಗೆ ಮುಟ್ಟಿ ಮೂರನೆಯ ಔಟ್ ಪಡೆಯುವ ಮೊದಲೇ ಇನ್ನೊಬ್ಬ ಹೋಮ್ ಪ್ಲೇಟ್ ದಾಟಿದ್ದರೆ ರನ್ ಉಳಿಯುತ್ತದೆ. ಯಾವ ಔಟ್ ಮೊದಲು ಎಂದು ಫೀಲ್ಡರ್ ಕ್ಷಣದಲ್ಲಿ ನಿರ್ಧರಿಸುವುದರಲ್ಲೇ ಆಟದ ಸೊಗಸಿದೆ.

2025ರ ವರ್ಲ್ಡ್ ಸೀರೀಸ್‌ನ ಏಳನೆಯ ಪಂದ್ಯವನ್ನೇ ನೋಡಿ. ಟೊರಾಂಟೊದಲ್ಲಿ ಹೆಚ್ಚುವರಿಯಾಗಿ ಆಡುತ್ತಿದ್ದ 11ನೆಯ ಇನಿಂಗ್ಸ್, ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ 5-4ರಿಂದ ಮುಂದೆ, ಬ್ಯಾಟ್ ಮಾಡುತ್ತಿದ್ದ ಟೊರಾಂಟೊ ತಂಡಕ್ಕೆ ಒಂದು ಔಟ್. ಸಮ ಮಾಡಬೇಕಾದ ರನ್ ಆಗಿ ಗುರೆರೊ ಮೂರನೆಯ ಬೇಸ್‌ನಲ್ಲಿದ್ದ, ಮೊದಲನೆಯದರಲ್ಲಿ ಬಾರ್ಜರ್. ಕರ್ಕ್ ಹೊಡೆದ ಚೆಂಡನ್ನು ಡಾಡ್ಜರ್ಸ್‌ನ ಮೂಕಿ ಬೆಟ್ಸ್ ಹಿಡಿದು, ತಾನೇ ಎರಡನೆಯ ಬೇಸ್ ಮೆಟ್ಟಿ, ಮೊದಲ ಬೇಸ್‌ನಲ್ಲಿದ್ದ ಫ್ರೀಮನ್‌ಗೆ ಎಸೆದ. ಡಬಲ್ ಪ್ಲೇ, ಅಂದರೆ ಒಂದೇ ಹೊಡೆತಕ್ಕೆ ಎರಡು ಔಟ್. ಗುರೆರೊ ಎಷ್ಟೇ ಬೇಗ ಹೋಮ್ ಪ್ಲೇಟ್ ಮುಟ್ಟಿದ್ದರೂ ಆ ರನ್ ಲೆಕ್ಕಕ್ಕೆ ಬರುತ್ತಿರಲಿಲ್ಲ. ಟೊರಾಂಟೊದ ಅಭಿಮಾನಿಗಳು ಅತ್ತಿರಬಹುದು. ಆದರೆ ಆ ರನ್ ಬೇಕೆಂದು ಯಾರೂ ಅಂಪೈರ್ ಮೇಲೆ ಎಗರಲಿಲ್ಲ.